ಲಿಥಿಯಂ ಮಾತ್ರೆ ದವಡೆಯಲ್ಲಿಟ್ಟುಕೊಂಡು ಉಗುಳ್ತಾರೆ, ಏನ್ಮಾಡೋದು?

ವಾರ್ಡ್ ಸಹಾಯಕಿ, ದಾವಣಗೆರೆ: ಮಾನಸಿಕ ವಾರ್ಡಿನ ಒಬ್ಬರು ಲಿಥಿಯಂ (ಮನಸ್ಸಿನ ವಿಪರೀತ ಏರಿಳಿತ ತಡೆಯೋ ಮದ್ದು) ಮಾತ್ರೆ ನುಂಗಿದ ಹಾಗೆ ಮಾಡಿ ಬಚ್ಚಲಿಗೆ ಹೋಗಿ ಉಗುಳ್ತಾರೆ. ಪುಡಿ ಮಾಡಿ ಮಜ್ಜಿಗೆಗೆ ಹಾಕಿ ಕೊಡ್ಲಾ? ಎರಡು ದಿನದಿಂದ ಕೈ ನಡುಕ ಬೇರೆ.

ಉತ್ತರ 1: ಪುಡಿ ಬೇಡವೇ ಬೇಡ. ನಿಧಾನವಾಗಿ ಕರಗುವ ಮಾತ್ರೆಯಾದರೆ ಮದ್ದೆಲ್ಲ ಒಮ್ಮೆಗೇ ರಕ್ತಕ್ಕೆ ಸೇರುತ್ತೆ. ಕದ್ದು ಕೊಟ್ಟದ್ದು ಗೊತ್ತಾದ್ರೆ ನೀವು ಕೊಟ್ಟ ಊಟವನ್ನೂ ಮುಟ್ಟಲ್ಲ. ನೆಟ್ಟಗೆ ಕೂರಿಸಿ, ಒಂದೊಂದೇ ಮಾತ್ರೆ, ಲೋಟ ತುಂಬ ನೀರು. ಆಮೇಲೆ ನಾಲಿಗೆ ಎತ್ತಿಸಿ, ಕೆನ್ನೆ ಒಳಗೆ ಟಾರ್ಚ್ ಹಿಡಿದು ನೋಡಿ. ಬೆರಳು ಹಾಕಬೇಡಿ, ಕಚ್ಚಬಹುದು. ಹದಿನೈದು ನಿಮಿಷ ಪಕ್ಕದಲ್ಲೇ ಮಾತಾಡ್ತಾ ಕೂರಿ. ಉಗುಳಿದ್ರೆ ನೀವಾಗಿ ಇನ್ನೊಂದು ಕೊಡದೆ ಸಿಸ್ಟರ್‌ಗೆ ಹೇಳಿ, ಸಮಯ ಬರೆಸಿ. ಯಾಕೆ ಬೇಡ ಅಂತ ಅವರನ್ನೇ ಕೇಳಿ. ಎಷ್ಟೋ ಸಲ ಹೊಟ್ಟೆ ತೊಳೆಸೋದೇ ಕಾರಣ.

ಉತ್ತರ 2, ಚಿತ್ರದುರ್ಗ: ನನಗೆ ಉಗುಳೋದಕ್ಕಿಂತ ನಡುಕದ್ದೇ ಚಿಂತೆ. ಲಿಥಿಯಂನಲ್ಲಿ ಬೆರಳು ಸಣ್ಣಗೆ ನಡುಗೋದು ಮಾಮೂಲು. ಲೋಟದ ನೀರು ಚೆಲ್ಲುವಷ್ಟು ನಡುಕ, ವಾಂತಿ, ಭೇದಿ, ತೊದಲು, ತೂರಾಡೋ ನಡಿಗೆ ಕಂಡರೆ ವಿಷವೇರಿಕೆ ಇರಬಹುದು. ಮುಂದಿನ ಡೋಸ್‌ಗೆ ಮುಂಚೆಯೇ ಡಾಕ್ಟರಿಗೆ ತಿಳಿಸಿ. ನಮ್ಮ ಕಡೆ ಬಿಸಿಲಲ್ಲಿ ಬೆವರಿ ನೀರು, ಉಪ್ಪು ಹೋದರೆ ಮೂತ್ರಪಿಂಡ ಲಿಥಿಯಂ ಅನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿ ಊಟದ ಉಪ್ಪು ದಿಢೀರ್ ಕಡಿಮೆ ಮಾಡಬೇಡಿ. ಮೈಕೈ ನೋವಿಗೆ ಅಂಗಡಿಯ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡಬೇಡಿ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ನೋಡೋ ಪರೀಕ್ಷೆಗೆ ಕೊನೆಯ ಡೋಸ್ ಆಗಿ 12 ಗಂಟೆ ಆಗಿರಬೇಕು.

ವಾರ್ಡ್ ಸಹಾಯಕಿ: ಮನೆಯವರು ಕೈಕಾಲು ಕಟ್ಟಿ ನುಂಗಿಸಿ ಅಂತಾರೆ.

ಉತ್ತರ 1: ಖಂಡಿತ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ತಕ್ಷಣದ ಅಪಾಯ ತಪ್ಪಿಸೋಕೆ ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿ ಇದ್ದರೆ ಮಾತ್ರ ಕಟ್ಟಬಹುದು. ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಕೊಡಿ.