ಪದಚರ್ಚೆ: ‘ಟ್ರಿಗರ್’ ಅಂದರೆ ಕಾರಣವೇ, ನಿಮಿತ್ತವೇ, ಕೆರಳಿಕೆಯೇ?

ಪ್ರಶ್ನೆ:
ಪೆಂಫಿಗಸ್ ಮತ್ತು ಬುಲ್ಲಸ್ ಪೆಂಫಿಗಾಯ್ಡ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಚರ್ಮದ ಮೇಲೆ ತಿರುಗಿಬಿದ್ದು ಗುಳ್ಳೆ ಏಳಿಸುವ ಕಾಯಿಲೆಗಳು) ರೋಗಿಗಳ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ವೈರಸ್ ಸೋಂಕು ಈ ಕಾಯಿಲೆಗಳಿಗೆ ‘ಟ್ರಿಗರ್’ ಆಗಬಹುದು ಎನ್ನುವಲ್ಲಿ ಕರಡಿನಲ್ಲಿ ‘ವೈರಸ್‌ನಿಂದ ಬರುವ ಸ್ವಯಂನಿರೋಧಕ ಗುಳ್ಳೆ ರೋಗ’ ಎಂದಿದೆ. ‘ಪ್ರಚೋದಕ’ ಸಾಕೇ? ಬಲ್ಲವರು ತಿಳಿಸಿ.

ಉತ್ತರ 1:
ಮೊದಲು ಆ ‘ಇಂದ ಬರುವ’ ತೆಗೆದುಬಿಡಿ. ‘ಸೊಳ್ಳೆಯಿಂದ ಬರುವ ಮಲೇರಿಯಾ’, ‘ನೀರಿನಿಂದ ಬರುವ ಕಾಲರಾ’ ಎಂದು ಓದಿ ರೂಢಿಯಾದವರಿಗೆ ಇದೂ ಅಂಟುಜಾಡ್ಯವೆಂದೇ ತೋರುತ್ತದೆ. ಪೆಂಫಿಗಸ್ ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ರೋಗಿಯ ತಟ್ಟೆ, ಹಾಸಿಗೆ ಬೇರೆಯಾಗಲು ಈ ಒಂದು ಪ್ರತ್ಯಯ ಸಾಕು.

‘ಟ್ರಿಗರ್’ ಪದದೊಳಗೆ ಎರಡು ಸಂಗತಿಗಳಿವೆ. ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಬೆಸೆದಿಡುವ ಡೆಸ್ಮೋಗ್ಲೀನ್ 3 ಮತ್ತು 1 ಎಂಬ ಪ್ರೋಟೀನ್‌ಗಳ ಮೇಲೆ ದೇಹದ್ದೇ ಪ್ರತಿಕಾಯಗಳು (ಆಂಟಿಬಾಡಿ) ತಿರುಗಿಬೀಳುವುದು ಪೆಂಫಿಗಸ್. ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಎಚ್‌ಎಲ್‌ಎ ವಂಶವಾಹಿಯ ಕೆಲವು ಬಗೆಗಳು ಇರುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಅಂಥವರಲ್ಲಿ ಸೋಂಕೊಂದು ರೋಗ ಶುರುವಾಗಲು ನೆಪವಾಗಬಹುದು ಎಂಬುದು ಮೊದಲನೆಯ ಅರ್ಥ. ಈಗಾಗಲೇ ಹತೋಟಿಯಲ್ಲಿದ್ದ ಕಾಯಿಲೆ ಸೋಂಕಿನ ಬಳಿಕ ಮತ್ತೆ ಏಳುವುದು ಎರಡನೆಯದು. ಇದಕ್ಕೆ ‘ಕೆರಳಿಸು’ ಎನ್ನುವಷ್ಟು ಒಳ್ಳೆಯ ಪದ ಬೇರೆ ಇಲ್ಲ. ಇಲ್ಲದ್ದನ್ನು ಕೆರಳಿಸಲಾಗದು, ಇರುವುದನ್ನಷ್ಟೇ ಕೆರಳಿಸಬಹುದು. ಹರ್ಪಿಸ್ ಸಿಂಪ್ಲೆಕ್ಸ್, ಎಪ್‌ಸ್ಟೀನ್-ಬಾರ್, ಸೈಟೊಮೆಗಲೊ, ಸರ್ಪಸುತ್ತಿನ ವೈರಸ್, ಕೋವಿಡ್ ಇವುಗಳ ಬಳಿಕ ಹೀಗಾದ ವರದಿಗಳಿವೆ. ‘ಬಳಿಕ’ ಎಂಬುದನ್ನು ಬಿಡಬೇಡಿ. ಹಿಂದೆಮುಂದೆ ಆದದ್ದೆಲ್ಲ ಕಾರ್ಯಕಾರಣವಲ್ಲ.

ಮೂರನೆಯದೊಂದಿದೆ, ಕರಡಿನಲ್ಲಿ ಅದೂ ಇದರೊಂದಿಗೆ ಕಲಸಿಹೋಗಿದ್ದರೆ ಬೇರ್ಪಡಿಸಿ. ಪೆಂಫಿಗಸ್‌ನಿಂದ ಸುಲಿದ ಚರ್ಮಕ್ಕೆ, ಅದರಲ್ಲೂ ಈ ಕಾಯಿಲೆಯ ಹತೋಟಿಗೆ ಕೊಡುವ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ತೆಗೆದುಕೊಳ್ಳುವಾಗ, ಹರ್ಪಿಸ್ ಆಮೇಲೆ ಬಂದು ಸೇರಬಹುದು. ಇದನ್ನು ‘ಮೇಲುಸೋಂಕು’ ಎನ್ನಿ. ಔಷಧಿ ಸರಿಯಾಗಿ ನಡೆದಿದ್ದರೂ ಹುಣ್ಣು ಮಾಯದಿದ್ದರೆ ಇದನ್ನು ಅನುಮಾನಿಸಿ, ಹೊಸ ಹುಣ್ಣಿನ ತಳದಿಂದ ಸ್ವಾಬ್ ತೆಗೆದು ಪಿಸಿಆರ್ ಮಾಡಿಸುತ್ತಾರೆ. ಹರ್ಪಿಸ್ ಸಿಕ್ಕರೆ ಬೇಕಾದದ್ದು ವೈರಸ್ ತಡೆಯುವ ಎಸೈಕ್ಲೋವಿರ್‌ನಂಥ ಔಷಧಿ. ರೋಗವೇ ಕೆರಳಿತೆಂದುಕೊಂಡು ಸ್ಟೀರಾಯ್ಡ್ ಏರಿಸಿದರೆ ಸೋಂಕು ಬಲಿಯುತ್ತದೆ. ಇತ್ತ ‘ವೈರಸ್ ರೋಗ’ ಎಂದು ಓದಿದವರು ಸ್ಟೀರಾಯ್ಡ್ ಮಾತ್ರೆಯನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಿಬಿಟ್ಟರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಈ ಪದದ ಬಗ್ಗೆ ಇಷ್ಟು ಹಟ.

‘ಗುಳ್ಳೆ’ ಮೊಡವೆಗೂ ಆಗುತ್ತದೆ, ನೀರಿನ ಮೇಲಿನದಕ್ಕೂ ಆಗುತ್ತದೆ. ಸುಟ್ಟಾಗ ಏಳುವುದನ್ನು ಜನ ‘ಬೊಬ್ಬೆ’ ಎನ್ನುತ್ತಾರಲ್ಲ, ಅದೇ ಇಲ್ಲಿ ಸರಿ. ಪೆಂಫಿಗಸ್‌ನದು ಸಡಿಲ ಬೊಬ್ಬೆ, ಬೇಗ ಒಡೆದು ಹಸಿ ಹುಣ್ಣಷ್ಟೇ ಉಳಿಯುತ್ತದೆ. ಎಷ್ಟೋ ಸಲ ಬಾಯಲ್ಲೇ ಮೊದಲು. ಪೆಂಫಿಗಾಯ್ಡ್‌ನದು ಬಿಗಿ ಬೊಬ್ಬೆ, ಮೇಲ್ಚರ್ಮದ ಅಡಿಯಲ್ಲೇ ಬಿರುಕು ಬಿಡುವುದರಿಂದ ಮುಚ್ಚಳ ದಪ್ಪ. ಅಲ್ಲಿ ಪ್ರತಿಕಾಯಗಳಿಗೆ ಗುರಿಯಾಗುವುದನ್ನು ಬರೀ ‘ಬಿಪಿ 180’ ಎಂದು ಬರೆದರೆ ರಕ್ತದೊತ್ತಡವೆಂದು ಓದಿಯಾರು. ‘ಬಿಪಿ180 ಎಂಬ ಪ್ರೋಟೀನ್’ ಎಂದೇ ಇರಲಿ.

ಉತ್ತರ 2:
ಮೇಲಿನವರ ಮಾತಿಗೆ ಸಹಮತ. ‘ನೆಪ’ ಮಾತ್ರ ಬೇಡ, ಸುಳ್ಳು ಸಬೂಬು ಎಂಬ ಛಾಯೆ ಅದಕ್ಕಿದೆ. ‘ನಿಮಿತ್ತ’ ಆದೀತು ಎನ್ನೋಣವೆಂದರೆ ತರ್ಕಶಾಸ್ತ್ರದಲ್ಲಿ ಮಡಕೆಗೆ ಕುಂಬಾರನೇ ನಿಮಿತ್ತಕಾರಣ. ಇಲ್ಲಿ ವೈರಸ್ಸಿಗೆ ಅಷ್ಟು ದೊಡ್ಡ ಪಾತ್ರ ಸಲ್ಲದು. ‘ಪ್ರಚೋದಕ’ ತಪ್ಪಲ್ಲ, ಆದರೆ ಶುರುವಾಗುವುದಕ್ಕೂ ಕೆರಳುವುದಕ್ಕೂ ಒಂದೇ ಆಗಿಬಿಡುತ್ತದೆ. ‘ಸ್ವಯಂನಿರೋಧಕ’ ಓದಿದರೆ ತನ್ನನ್ನು ತಾನೇ ತಡೆದುಕೊಳ್ಳುವ ರೋಗವೇನೋ ಅನ್ನಿಸುತ್ತದೆ. ‘ಆಟೋಇಮ್ಯೂನ್’ ಎಂದೇ ಇಟ್ಟು ಮೊದಲ ಸಲ ಬಿಡಿಸಿ ಹೇಳಿ. ಸಾಲು ಹೀಗಿರಬಹುದು:

‘ಕೆಲವರಲ್ಲಿ ವೈರಸ್ ಸೋಂಕಿನ ಬಳಿಕ ಈ ಬೊಬ್ಬೆ ಕಾಯಿಲೆ ಮೊದಲ ಬಾರಿ ತಲೆದೋರಬಹುದು, ಇಲ್ಲವೇ ಇದ್ದದ್ದು ಕೆರಳಬಹುದು. ಕಾಯಿಲೆ ಅಂಟುವಂಥದ್ದಲ್ಲ.’