ಸ್ಟೀಲ್ ಡಬ್ಬಿಗಳಲ್ಲೆಲ್ಲ ನಮ್ಮದೇ ಮುಖ! ಏನು ಮಾಡೋದು ಸರ್?

ಪ್ರಶ್ನೆ: ನಮಸ್ಕಾರ ಸರ್. ಕಾಲೇಜಿಗೆ ಒಂದು ಕಿರುಚಿತ್ರ ಮಾಡುತ್ತಿದ್ದೇವೆ. ಪೂರ್ತಿ ಶೂಟಿಂಗ್ ನಮ್ಮ ಅಜ್ಜಿ ಮನೆಯಲ್ಲೇ. ಟೆಸ್ಟ್ ಶಾಟ್ ನೋಡಿದರೆ ಬೀರುವಿನ ಕನ್ನಡಿಯಲ್ಲಿ ಕ್ಯಾಮೆರಾ, ದೇವರ ಫೋಟೋ ಗಾಜಿನಲ್ಲಿ ಎಲ್‌ಇಡಿ ಲೈಟು, ಅಡುಗೆಮನೆ ಡಬ್ಬಿಗಳಲ್ಲಿ ನಮ್ಮ ಇಡೀ ಗ್ಯಾಂಗು. ಪೋಲರೈಸರ್ (ಪ್ರತಿಫಲನ ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಫಿಲ್ಟರ್) ಹಾಕಿದರೆ ಎಲ್ಲಾ ಹೋಗುತ್ತದೆ ಅಂತ ಸೀನಿಯರ್ ಹೇಳಿದರು. ಬಾಡಿಗೆಗೆ ತರಲಾ?

ಉತ್ತರ: ದುಡ್ಡು ಉಳಿಸಿ. ನಿಮ್ಮ ಮೂರು ತೊಂದರೆಗಳಲ್ಲಿ ಅದು ಫೋಟೋ ಗಾಜಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ, ಅದೂ ಓರೆಯಿಂದ ನೋಡಿದಾಗ. ಎದುರಿಗೇ ನಿಂತರೆ ಇಲ್ಲ. ಕನ್ನಡಿಯ ಹಿಂದಿರುವುದು ಲೋಹದ ಲೇಪ, ಡಬ್ಬಿಯಂತೂ ಲೋಹವೇ. ಅಲ್ಲಿ ಅದರ ಆಟ ನಡೆಯುವುದಿಲ್ಲ. ಜೊತೆಗೆ ಒಂದೂವರೆ ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧಕ್ಕೆ ಇಳಿದಂತೆ). ಅಜ್ಜಿ ಮನೆ ಅಡುಗೆಮನೆ ಮೊದಲೇ ಕತ್ತಲು, ಅಲ್ವಾ?

ಬೀರುವಿನ ಬಾಗಿಲನ್ನು ಸ್ವಲ್ಪ ತೆರೆದು ನೋಡಿ. ಕನ್ನಡಿ 5 ಡಿಗ್ರಿ ತಿರುಗಿದರೆ ಪ್ರತಿಬಿಂಬ 10 ಡಿಗ್ರಿ ಸರಿಯುತ್ತದೆ. ಎಷ್ಟೋ ಸಲ ಅಷ್ಟೇ ಸಾಕು. ಬಾಗಿಲು ಅಲ್ಲಾಡದ ಹಾಗೆ ಕೆಳಗೆ ಕಾಗದ ಸಿಕ್ಕಿಸಿ. ಫೋಟೋಗೂ ಹಾಗೇ: ಮೇಲಂಚಿನ ಹಿಂದೆ ಮಡಚಿದ ರಟ್ಟು ಇಡಿ. ಗಾಜು ಮುಂದಕ್ಕೆ ಬಾಗಿ ಲೈಟಿನ ಬದಲು ನೆಲ ತೋರಿಸುತ್ತದೆ.

ಲೊಕೇಶನ್ ನೋಡಲು ಹೋದಾಗಲೇ ಒಬ್ಬರು ಕ್ಯಾಮೆರಾ ಬರುವ ಜಾಗದಲ್ಲಿ, ಲೆನ್ಸಿನ ಎತ್ತರಕ್ಕೇ ಫೋನ್ ಹಿಡಿಯಲಿ. ಇನ್ನೊಬ್ಬರು ಲೈಟ್ ಇಡುವ ಕಡೆ ಟಾರ್ಚ್ ಹಿಡಿದು ಓಡಾಡಲಿ. ಫೋನಿನಲ್ಲಿ ಟಾರ್ಚ್ ಎಲ್ಲೆಲ್ಲಿ ಮಿಂಚುತ್ತದೋ ಗುರುತು ಹಾಕಿಕೊಳ್ಳಿ. ನಿಂತುಕೊಂಡು ಬರಿಗಣ್ಣಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಲೆನ್ಸ್ ಇರುವುದು ನಿಮ್ಮ ಎದೆಯ ಮಟ್ಟದಲ್ಲಿ.

ಪ್ರಶ್ನೆ: ಡಬ್ಬಿಗಳನ್ನೂ ತಿರುಗಿಸಿದೆವು ಸರ್. ಏನೂ ಬದಲಾಗಲಿಲ್ಲ.

ಉತ್ತರ: ಆಗುವುದಿಲ್ಲ, ಅದು ಗುಂಡಗಿದೆ ಮಾರಾಯ್ರೆ! ಯಾವ ಕಡೆ ತಿರುಗಿಸಿದರೂ ಕೋಣೆಯ ಮುಕ್ಕಾಲು ಭಾಗ ಅದರೊಳಗೆ ಇರುತ್ತದೆ. ನಾನು ಕಲಿಯುವಾಗ ಒಂದು ಅಳುವ ಸೀನಿನ ಹಿಂದೆ, ನೀರಿನ ಬಿಂದಿಗೆಯಲ್ಲಿ, ನನ್ನ ಕೆಂಪು ಟೀ ಶರ್ಟ್ ಓಡಾಡುತ್ತಿತ್ತು. ಎಡಿಟಿಂಗ್‌ನಲ್ಲಿ ಗೊತ್ತಾಯಿತು.

ಒದ್ದೆ ಬಟ್ಟೆಗೆ ಸೋಪು ಹಚ್ಚಿ ತೆಳ್ಳಗೆ ಸವರಿ, ಒಣಗಲು ಬಿಡಿ. ಹೊಳಪು ಮಂಕಾಗುತ್ತದೆ. ಕ್ಯಾಮೆರಾಗೆ ಕಾಣುವ ಕಡೆ ಸವರಿದರೆ ಸಾಕು. ಎಲ್ಲರೂ ಕಪ್ಪು ಬಟ್ಟೆ ಹಾಕಿಕೊಳ್ಳಿ. ಕ್ಯಾಮೆರಾ ಮುಂದೆ ಕಪ್ಪು ಬಟ್ಟೆ ಇಳಿಬಿಟ್ಟು, ಲೆನ್ಸಿಗೆ ಮಾತ್ರ ತೂತು ಮಾಡಿ. ಹೊಳಪನ್ನು ಪೂರ್ತಿ ಕೊಲ್ಲಬೇಡಿ, ಸ್ಟೀಲು ಸ್ಟೀಲಿನ ಹಾಗೇ ಕಾಣಬೇಕು.

ಇನ್ನೊಬ್ಬರ ಪ್ರಶ್ನೆ: ಸರ್, ರಾತ್ರಿ ಕಿಟಕಿ ಪಕ್ಕ ನಿಂತಿರುವ ಶಾಟ್ ಇದೆ. ಹಗಲು ಗಾಜು ಸರಿ ಇತ್ತು, ರಾತ್ರಿ ಪೂರಾ ಕನ್ನಡಿ ಆಗಿಬಿಟ್ಟಿದೆ.

ಉತ್ತರ: ಹೊರಗೆ ಕತ್ತಲು, ಒಳಗೆ ಟ್ಯೂಬ್‌ಲೈಟು. ಹಾಗೇ ಆಗುವುದು. ಕ್ಯಾಮೆರಾ ಹಿಂದಿನ ಲೈಟೆಲ್ಲ ಆರಿಸಿ. ಹೊರಗೆ ಮರಕ್ಕೋ ಕಾಂಪೌಂಡಿಗೋ ಒಂದು ಲೈಟ್ ಬಿಡಿ. ಗಾಜು ಸರಿಯುವಂಥದ್ದಾದರೆ ಸುಮ್ನೆ ತೆಗೆದೇ ಶೂಟ್ ಮಾಡಿ, ಯಾರಿಗೂ ಗೊತ್ತಾಗುವುದಿಲ್ಲ. ಸೊಳ್ಳೆ ಬತ್ತಿ ಮಾತ್ರ ಮರೆಯಬೇಡಿ.