ವಿಕಿಪೀಡಿಯಕ್ಕೆ ನಾವು ಬರೆದದ್ದನ್ನು ಪುಸ್ತಕ ಮಾಡಿ ಮಾರುತ್ತಿದ್ದಾರೆ, ಇದು ಸರಿನಾ?

ಕೆರೆಏರಿ:
ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ವಿಕಿಪೀಡಿಯದಲ್ಲಿ ಹಳೇ ಕೆರೆಗಳು, ಶಾಸನಗಳ ಬಗ್ಗೆ ಬರೆಯುತ್ತೇನೆ. ಮೊನ್ನೆ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ಒಂದನ್ನು ತಿರುವಿ ಹಾಕಿದೆ. ಎರಡು ಅಧ್ಯಾಯ ಪೂರ್ತಿ ನಾನೂ ಇನ್ನು ಕೆಲವರೂ ಸೇರಿ ಬರೆದ ಲೇಖನಗಳೇ. ವಾಕ್ಯದ ಕೊನೆಯ ಟಿಪ್ಪಣಿ ಅಂಕಿಗಳು ಚೌಕ ಕಂಸದ ಸಮೇತ ಹಾಗೇ ಉಳಿದಿವೆ, ಕೆಳಗೆ ನೋಡಿದರೆ ಟಿಪ್ಪಣಿಯೇ ಇಲ್ಲ. ಒಂದು ಉಪಶೀರ್ಷಿಕೆಯ ಪಕ್ಕ ವಿಕಿಪೀಡಿಯ ಪುಟದ ‘ಬದಲಾಯಿಸಿ’ ಕೊಂಡಿ ಬೇರೆ ಅಚ್ಚಾಗಿದೆ! ಬೆಲೆ 380 ರೂಪಾಯಿ. ಒಳಪುಟದಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ, ನಕಲು ಮಾಡಿದರೆ ಕಾನೂನು ಕ್ರಮ’ ಅಂತ ಬರೆದಿದ್ದಾರೆ. ವಿಕಿಪೀಡಿಯದ ಹೆಸರು ಎಲ್ಲೂ ಇಲ್ಲ. ರಾತ್ರಿ ಕೂತು ಗೆಜೆಟಿಯರ್ ಹುಡುಕಿ ಬರೆದದ್ದು, ತುಂಬಾ ಬೇಜಾರಾಯಿತು. ಹೀಗೆ ಮಾರಬಹುದಾ? ನಾನು ಏನು ಮಾಡಬಹುದು?

ಅಚ್ಚುಕೂಟ:
ಮಾರಬಹುದು. ಕೇಳೋಕೆ ಕಹಿ, ಆದರೆ ಅದರಲ್ಲಿ ತಪ್ಪಿಲ್ಲ. ನಾವು ಪ್ರತಿ ಸಲ ಉಳಿಸುವಾಗಲೂ ಆ ಗುಂಡಿಯ ಹತ್ತಿರವೇ ಬರೆದಿರುತ್ತದೆ, ಪಠ್ಯ ಕ್ರಿಯೇಟಿವ್ ಕಾಮನ್ಸ್ ಬೈ-ಎಸ್ಎ ಪರವಾನಗಿಯಲ್ಲಿ ಹೋಗುತ್ತದೆ ಅಂತ. 2009ರಿಂದ ಅದರ 3.0 ಆವೃತ್ತಿ ಇತ್ತು, 2023ರಿಂದ 4.0. ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ದುಡ್ಡಿಗೆ ಮಾರಬಹುದು. ಆದರೆ ಮೂಲ ಯಾವುದು, ಪರವಾನಗಿ ಯಾವುದು ಅಂತ ಹೇಳಲೇಬೇಕು. ತಿದ್ದಿದ್ದರೆ ತಿದ್ದಿದ್ದೇವೆ ಅನ್ನಬೇಕು, ಹಾಗೆ ತಿದ್ದಿದ್ದನ್ನೂ ಅದೇ ಪರವಾನಗಿಯಲ್ಲೇ ಕೊಡಬೇಕು.

ನಿಮ್ಮ ಗೈಡ್‌ನವರು ಇದ್ಯಾವುದನ್ನೂ ಮಾಡಿಲ್ಲ. ಷರತ್ತು ಮುರಿದ ಕೂಡಲೇ ಆ ಪರವಾನಗಿ ಅವರ ಪಾಲಿಗೆ ತಾನಾಗಿಯೇ ರದ್ದಾಗುತ್ತದೆ, ಆಮೇಲೆ ಅದು ಮಾಮೂಲಿ ಕೃತಿಸ್ವಾಮ್ಯ ಉಲ್ಲಂಘನೆ. ‘ಹಕ್ಕು ಕಾಯ್ದಿರಿಸಲಾಗಿದೆ’ ಅನ್ನೋ ಸಾಲಂತೂ ಇನ್ನೂ ಕೆಟ್ಟದ್ದು. ನಾಳೆ ಯಾವುದೋ ಹಳ್ಳಿ ಮೇಷ್ಟ್ರು ಆ ಎರಡು ಪುಟ ಜೆರಾಕ್ಸ್ ಮಾಡಿಸಿ ಮಕ್ಕಳಿಗೆ ಹಂಚಲು ಹೆದರುತ್ತಾರೆ, ಅಲ್ವಾ? ಅದು ಅವರಿಗೆ ಮೊದಲಿಂದಲೂ ಬಿಟ್ಟಿ ಸಿಗಬೇಕಾದ ಪಠ್ಯ.

ಇನ್ನೊಂದು ಮಾತು. ಪಠ್ಯದ ಹಕ್ಕು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್‌ದಲ್ಲ, ಬರೆದವರದ್ದು. ಹಾಗಾಗಿ ದೂರು ಕೊಡಬೇಕಾದವರು ನೀವೇ. ಆ ಲೇಖನಗಳ ಇತಿಹಾಸ ಪುಟ (ಯಾರು ಯಾವಾಗ ಏನು ಬರೆದರು ಅಂತ ತೋರಿಸೋದು) ತೆಗೆದು, ನಿಮ್ಮ ಸಂಪಾದನೆಗಳ ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗೈಡ್‌ನ ಆ ಪುಟಗಳ ಫೋಟೋನೂ ಇರಲಿ.

ನೇರಮಾತು:
ಇದಕ್ಕೇ ನಾನು ಹೇಳೋದು, ‘ವಾಣಿಜ್ಯ ಬಳಕೆಗೆ ಇಲ್ಲ’ ಅಂತ ಒಂದು ಷರತ್ತು ಹಾಕಿಬಿಟ್ಟರೆ ಮುಗಿಯಿತಲ್ಲ. ನಾವು ಪುಕ್ಕಟೆ ದುಡಿಯೋದು, ಇನ್ಯಾರೋ ಲಾಭ ಮಾಡೋದು, ಇದೆಂಥ ನ್ಯಾಯ? ಈಗ ದೊಡ್ಡ ದೊಡ್ಡ ಕಂಪನಿಗಳೂ ಎಐಗೆ ಇದನ್ನೇ ಉಣಿಸುತ್ತಿವೆ.

ಅಚ್ಚುಕೂಟ:
@ನೇರಮಾತು ನಿಮ್ಮ ಸಿಟ್ಟು ಅರ್ಥವಾಗುತ್ತೆ, ಆದರೆ ಆ ಷರತ್ತು ಹಾಕಿದರೆ ಪೆಟ್ಟು ಬೀಳೋದು ಸಣ್ಣವರಿಗೆ. ತಾಲ್ಲೂಕಿನ ವಾರಪತ್ರಿಕೆಯಲ್ಲಿ ಜಾಹೀರಾತು ಇರುತ್ತೆ, ಅದು ವಾಣಿಜ್ಯವಾ? ಅಚ್ಚಿನ ಖರ್ಚಿಗೆ ಅಂತ ಸಂಘದವರು 50 ರೂಪಾಯಿ ಇಟ್ಟರೆ? ಯಾರಿಗೂ ಖಾತ್ರಿ ಇರಲ್ಲ, ಸುಮ್ನೆ ಯಾಕೆ ಅಂತ ಕೈಬಿಡುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಬಿಡುಗಡೆ ಮಾಡಿತಲ್ಲ, ಅವರು ‘ವಾಣಿಜ್ಯ ಬಳಕೆಗೆ ಇಲ್ಲ’ ಅಂದಿದ್ದರೆ ಆ ಬರಹ ವಿಕಿಪೀಡಿಯಕ್ಕೆ ಬರುತ್ತಲೇ ಇರಲಿಲ್ಲ. ಅಂಥ ಷರತ್ತಿನ ಪಠ್ಯವನ್ನು ವಿಕಿಪೀಡಿಯ ತೆಗೆದುಕೊಳ್ಳುವುದಿಲ್ಲ.

ಬೇರೆಯವರು ಲಾಭ ಮಾಡಿಕೊಳ್ಳುತ್ತಾರೆ ಅನ್ನೋ ಸಂಕಟ ಹೊಸದೇನೂ ಅಲ್ಲ. 2002ರಲ್ಲಿ ವಿಕಿಪೀಡಿಯಕ್ಕೆ ಜಾಹೀರಾತು ಬರಬಹುದು ಅನ್ನೋ ಮಾತು ಎದ್ದಾಗ ಸ್ಪ್ಯಾನಿಷ್ ಸ್ವಯಂಸೇವಕರು ಎದ್ದು ಹೊರಟೇಬಿಟ್ಟರು. ಅದೇ ಪಠ್ಯ ಹೊತ್ತುಕೊಂಡು ಹೋಗಿ ಎನ್ಸಿಕ್ಲೊಪೀಡಿಯಾ ಲಿಬ್ರೆ ಅಂತ ಬೇರೆ ಕಟ್ಟಿದರು. ಹೊತ್ತುಕೊಂಡು ಹೋಗಲು ಆಗಿದ್ದು ಪರವಾನಗಿ ಮುಕ್ತವಾಗಿದ್ದಕ್ಕೇ. ಇವತ್ತಿಗೂ ವಿಕಿಪೀಡಿಯದಲ್ಲಿ ಜಾಹೀರಾತಿಲ್ಲ.

ತಂತಿಬೇಲಿ:
ಕಂಪನಿಗಳ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. 2021ರಲ್ಲಿ ವಿಕಿಮೀಡಿಯ ಎಂಟರ್‌ಪ್ರೈಸ್ ಅಂತ ಶುರುವಾಯಿತು. ಮಾಹಿತಿ ಬೇಗ, ಹೆಚ್ಚು ಪ್ರಮಾಣದಲ್ಲಿ, ಒಪ್ಪವಾಗಿ ಬೇಕು ಅನ್ನುವ ದೊಡ್ಡ ಕಂಪನಿಗಳು ಆ ಸೇವೆಗೆ ದುಡ್ಡು ಕೊಡುತ್ತವೆ. 2022ರಲ್ಲಿ ಗೂಗಲ್ ಬಂತು. ಪಠ್ಯ ಮಾತ್ರ ಎಲ್ಲರಿಗೂ ಮುಕ್ತವೇ. ಇದು ಒಳ್ಳೇ ದಾರಿ ಅಂತ ನನ್ನ ಅನಿಸಿಕೆ. ಆದರೆ ಎಐ ಉತ್ತರದಲ್ಲಿ ಮೂಲದ ಹೆಸರು ಬರದೇ ಇದ್ದರೆ ಓದುಗರು ಲೇಖನದ ಪುಟಕ್ಕೆ ಬರುವುದೇ ಇಲ್ಲ, ಬಾರದಿದ್ದರೆ ಹೊಸಬರು ಬರೆಯಲು ಶುರು ಮಾಡೋದು ಹೇಗೆ? ನನಗೆ ದುಡ್ಡಿಗಿಂತ ಇದೇ ಜಾಸ್ತಿ ಚಿಂತೆ. ಕನ್ನಡದಲ್ಲಿ ಬರೆಯುವವರೇ ಕಡಿಮೆ.

ಕೆರೆಏರಿ:
ತುಂಬಾ ಥ್ಯಾಂಕ್ಸ್. ಮಾರಬಹುದು ಅನ್ನೋದನ್ನು ಒಪ್ಪಿದೆ. ಪ್ರಕಾಶಕರಿಗೆ ಏನು ಅಂತ ಬರೆಯಲಿ? ಗೈಡ್‌ನಲ್ಲಿ ಕೆರೆ ತೂಬಿನ ಫೋಟೋನೂ ಇದೆ, ಅದು ಬೇರೆಯವರು ತೆಗೆದದ್ದು.

ಅಚ್ಚುಕೂಟ:
ಫೋಟೋ ಲೆಕ್ಕ ಬೇರೆ. ವಿಕಿಪೀಡಿಯ ಲೇಖನದಲ್ಲಿ ಅದರ ಮೇಲೆ ಕ್ಲಿಕ್ ಮಾಡಿದರೆ ತೆಗೆದವರ ಹೆಸರು, ಪರವಾನಗಿ ಕಾಣುತ್ತೆ. ಅವರ ಚರ್ಚೆ ಪುಟದಲ್ಲಿ ಒಂದು ಸಾಲು ತಿಳಿಸಿ, ಅವರು ಬೇಕಿದ್ದರೆ ಮುಂದುವರಿಯಲಿ.

ಪತ್ರದಲ್ಲಿ ಬೆದರಿಕೆ ಬೇಡ. ಮುಂದಿನ ಮುದ್ರಣದಲ್ಲಿ ಹೀಗೆ ಹಾಕಿ, ಈಗಿರುವ ಪ್ರತಿಗಳಿಗೆ ಇದನ್ನೇ ಬರೆದ ಒಂದು ಚೀಟಿ ಅಂಟಿಸಿ ಅಂತ ಕೇಳಿ: ‘ಈ ಅಧ್ಯಾಯದ ಪಠ್ಯ ಕನ್ನಡ ವಿಕಿಪೀಡಿಯದ ಇಂಥ ಲೇಖನದಿಂದ (ವಿಳಾಸ), ಬರೆದವರು ಅದರ ಇತಿಹಾಸ ಪುಟದಲ್ಲಿದ್ದಾರೆ, ಅಲ್ಲಲ್ಲಿ ಬದಲಿಸಿದ್ದೇವೆ, ಕ್ರಿಯೇಟಿವ್ ಕಾಮನ್ಸ್ ಬೈ-ಎಸ್ಎ 4.0.’ ಹಕ್ಕು ಕಾಯ್ದಿರಿಸಿದ ಸಾಲು ಈ ಅಧ್ಯಾಯಗಳಿಗೆ ಅನ್ವಯಿಸಲ್ಲ ಅಂತಲೂ ಇರಬೇಕು. ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಅವರ ಹಕ್ಕು ಮರಳಿ ಸಿಗುತ್ತೆ ಅಂತ 4.0ರಲ್ಲೇ ಇದೆ, ಅದನ್ನೂ ಬರೆಯಿರಿ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಉತ್ತರ ಬಂದರೆ ಇಲ್ಲೇ ಹಾಕಿ.